ಮೂವತ್ತು ಡಿಗ್ರಿ ಹಾಲು

ಯಾವ ತಕ್ಕಡಿಗಾದರೂ ತಟ್ಟೆ ಎರಡು. ನಮ್ಮದಕ್ಕೂ ಎರಡೇ. ಒಂದು ಶಿರಾ ಪಕ್ಕದ ಕರೇಕಲ್ಲು ಗುಡ್ಡದ ಹೊಟ್ಟೆಯೊಳಗಿತ್ತು, ಇನ್ನೊಂದು ಚಂದ್ರನ ಬೆನ್ನ ಮೇಲಿತ್ತು. ಈ ಕಡೆಯ ತಟ್ಟೆಗೆ ನಾನು ಕಾವಲು, ಆ ಕಡೆಯದಕ್ಕೆ ನನ್ನ ಹೆಂಡತಿ ನಾಗವೇಣಿ. ಗಂಡ ಹೆಂಡಿರು ತಕ್ಕಡಿಯ ಎರಡು ತಟ್ಟೆಗಳಿದ್ದ ಹಾಗೆ ಎಂದು ನಮ್ಮ ಮದುವೆಯಲ್ಲಿ ಯಾರೋ ಹಿರಿಯರು ಭಾಷಣ ಮಾಡಿದ್ದರು. ಪಾಪ, ಅವರು ಇಷ್ಟು ದೂರ ಯೋಚನೆ ಮಾಡಿರಲಿಕ್ಕಿಲ್ಲ.

ಈ ತಕ್ಕಡಿಗೆ ದಂಡವಿಲ್ಲ, ಸರಪಳಿಯಿಲ್ಲ. ಒಂದೇ ಹರಳನ್ನು ಬೆಳೆಸಿ, ಎರಡು ಹೋಳು ಮಾಡಿ, ಒಂದೊಂದು ತಟ್ಟೆಯ ಅಡಿಗೆ ಒಂದೊಂದು ಕೂರಿಸಿದ್ದರು. ಒಂದು ಹೋಳಿನ ಮೇಲೆ ಬಿದ್ದ ಒತ್ತಡ ಇನ್ನೊಂದಕ್ಕೆ ಗೊತ್ತಾಗುತ್ತದೆ. ನಡುವೆ ತಂತಿ ಬೇಡ, ರೇಡಿಯೋ ಬೇಡ, ಎಷ್ಟು ದೂರವಾದರೂ ಸರಿ. ಅದು ಹೇಗೆ ಎಂದು ನನ್ನನ್ನು ಕೇಳಬೇಡಿ. ನಮ್ಮ ಮುಖ್ಯಸ್ಥೆ ಶಾಹೀನಾ ಮೇಡಂ ಒಮ್ಮೆ ಬೋರ್ಡಿನ ತುಂಬ ಬರೆದು ವಿವರಿಸಿದರು, ನಾನು ಎಲ್ಲದಕ್ಕೂ ತಲೆಯಾಡಿಸಿ ಹೊರಗೆ ಬಂದು ಚಹಾ ಕುಡಿದೆ. ನನಗೆ ಬೇಕಾದದ್ದು ಅದರ ಎರಡು ಹಟಗಳು ಮಾತ್ರ. ಒಂದು, ತಟ್ಟೆಯ ಮೇಲೆ ಇಟ್ಟವರಿಗೆ ತೂಕ ಕಾಣುವುದಿಲ್ಲ, ಆ ಕಡೆಯವರಿಗೆ ಕಾಣುತ್ತದೆ. ಇನ್ನೊಂದು, ಏನನ್ನೇ ಇಟ್ಟರೂ ತಟ್ಟೆಗಳು ತೂಗಾಡಿ ತೂಗಾಡಿ ಒಂದು ನಿಲುವಿಗೆ ಬರಲು ಹಗಲು ಪೂರ್ತಿ ಬೇಕು. ಹಾಗಾಗಿ ಇದರಲ್ಲಿ ಹರಟೆ ಹೊಡೆಯಲು ಆಗುವುದಿಲ್ಲ. ದಿನಕ್ಕೊಂದು ತೂಕ, ಮುಗಿಯಿತು.

ಚಂದ್ರನ ಮೇಲೆ ತೂಕ ಇಲ್ಲಿಯದರ ಆರನೇ ಒಂದು ಪಾಲು ಎನ್ನುವುದು ಶಾಲೆಯ ಮಕ್ಕಳಿಗೂ ಗೊತ್ತು. ಅಂಗಡಿಯವರು ಬಟ್ಟು ಎನ್ನುತ್ತಾರಲ್ಲ, ಅಂಥ ಒಂದು ಕೆಜಿಯ ಕಬ್ಬಿಣದ ಬಟ್ಟನ್ನು ನಾಗವೇಣಿ ಅಲ್ಲಿ ಇಟ್ಟರೆ ನನ್ನ ತಟ್ಟೆಗೆ ಅದು ನೂರ ಅರವತ್ತು ಚಿಲ್ಲರೆ ಗ್ರಾಮಿನಷ್ಟೇ ತಟ್ಟುತ್ತಿತ್ತು. ಕಬ್ಬಿಣವೇನೂ ಸವೆದಿರುವುದಿಲ್ಲ, ಅದನ್ನು ಕಾಲ ಮೇಲೆ ಬೀಸಿ ಹೊಡೆದರೆ ಇಲ್ಲಿಯಷ್ಟೇ ನೋವಾಗುತ್ತದೆ. ಜಗ್ಗುವವರು ಬೇರೆ, ಇಲ್ಲಿ ಭೂಮಿ, ಅಲ್ಲಿ ಚಂದ್ರ, ಅಷ್ಟೇ. ಆದರೆ ಅದೇ ಬಟ್ಟನ್ನು ತಟ್ಟೆಯ ಅಡಿಗೆ ನೂಲು ಕಟ್ಟಿ ಇಳಿಬಿಟ್ಟು, ಕೆಳಗೆ ಬೇರೆಯಾಗಿ ಇಟ್ಟ ಪಾತ್ರೆಯ ನೀರಿನಲ್ಲಿ ಮುಳುಗಿಸಿದರೆ ಅದರ ತೂಕದಲ್ಲಿ ಎಂಟನೇ ಒಂದು ಪಾಲು ಕಡಿಮೆಯಾಗುತ್ತದೆ. ಆ ಎಂಟನೇ ಒಂದು ಪಾಲು ಶಿರಾದಲ್ಲೂ ಅಷ್ಟೇ, ಚಂದ್ರನ ಮೇಲೂ ಅಷ್ಟೇ. ಯಾಕೆಂದರೆ ಜಗ್ಗುವವರು ಕಬ್ಬಿಣವನ್ನೂ ನೀರನ್ನೂ ಒಂದೇ ಸಮನೆ ಜಗ್ಗುತ್ತಾರೆ. ತಕ್ಕಡಿ ಸರಿಯಿದೆಯೇ ಎಂದು ನೋಡಲು ವಾರಕ್ಕೊಮ್ಮೆ ನಾವು ಹೀಗೆ ಮುಳುಗಿಸಿ ತೂಗುತ್ತಿದ್ದೆವು. ಅದನ್ನು ಒದ್ದೆ ತೂಕ ಎನ್ನುತ್ತಿದ್ದೆವು. ಭಾನುವಾರ ಅವಳದ್ದು, ಸೋಮವಾರ ನನ್ನದು. ಉಳಿದ ದಿನಗಳಲ್ಲಿ ಅವಳು ಬಟ್ಟನ್ನು ಒಣದಾಗಿಯೇ ಇಡುತ್ತಿದ್ದಳು. ಒಂದು ಬಟ್ಟು ಅಂದರೆ ಕ್ಷೇಮ, ಎರಡು ಅಂದರೆ ಕಾಯಿಲೆ, ಮೂರು ಅಂದರೆ ಬಂದು ಕರೆದುಕೊಂಡು ಹೋಗಿ.

ಈ ಸಂಕೇತಗಳನ್ನು ಬರೆಯುವಾಗ ನಾವೆಲ್ಲ ನಗಾಡಿದ್ದೆವು, ಯಾಕೆಂದರೆ ಮಾತಾಡಲು ರೇಡಿಯೋ ಇತ್ತು. ಚಂದ್ರನ ಬೆನ್ನು ಭೂಮಿಗೆ ಎಂದೂ ಮುಖ ತೋರಿಸುವುದಿಲ್ಲ, ಅಲ್ಲಿಂದ ಭೂಮಿಯೂ ಕಾಣುವುದಿಲ್ಲ. ನಡುವೆ ಸುತ್ತುತ್ತಿದ್ದ ಒಂದು ಉಪಗ್ರಹ ಮಾತನ್ನು ಆ ಕಡೆಯಿಂದ ಈ ಕಡೆಗೆ ದಾಟಿಸುತ್ತಿತ್ತು. ನಾಗವೇಣಿಯ ಜೊತೆಗಿದ್ದವರು ಅವಧಿ ಮುಗಿಸಿ ವಾಪಸಾದರು. ಬದಲಿ ಬರುವವರೆಗೆ ನಾನೊಬ್ಬಳೇ ನೋಡಿಕೊಳ್ಳುತ್ತೇನೆ ಎಂದು ಇವಳು ಧೈರ್ಯವಾಗಿ ಕೈ ಎತ್ತಿದಳು. ಆಷಾಢದ ಒಂದು ದಿನ ಉಪಗ್ರಹ ಕೆಟ್ಟಿತು. ಹೊಸ ಉಪಗ್ರಹವನ್ನೂ ಬದಲಿಯವರನ್ನೂ ಹೊತ್ತ ನೌಕೆ ಹೊರಡುವುದು ನವರಾತ್ರಿಗೆ ಎಂದರು. ಅಲ್ಲಿಯತನಕ ನನ್ನ ಹೆಂಡತಿ ನನಗೆ ಒಂದು ಕೆಜಿ ಕಬ್ಬಿಣ.

ಕೊನೆಯ ಸಲ ಅವಳ ದನಿ ಕೇಳಿದ್ದು ನಿಯಂತ್ರಣ ಕೋಣೆಯಲ್ಲಿ, ಎಲ್ಲರೆದುರಿಗೇ.

"ರೀ, ಫಿಲ್ಟರ್ ಬದ್ಲಾಯ್ಸಿದ ಮ್ಯಾಲೆ ಇಲ್ಲಿ ನೀರು ಸಿಹಿ ಬತ್ತೈತೆ ಕಣ್ರೀ," ಎಂದಿದ್ದಳು.

"ಪುಣ್ಯವಂತೆ ಕಣೆ ನೀನು. ಇಲ್ಲಿ ಬೋರಿನ ಉಪ್ಪು ನೀರು ಕುಡ್ದು ಕುಡ್ದು ನನ್ ಹಲ್ಲೆಲ್ಲ ಹಳದಿ ಆಗವೆ," ಎಂದಿದ್ದೆ.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ನಮ್ಮ ಸೀಮೆಯಲ್ಲಿ ಸಿಹಿ ನೀರು ಸಿಕ್ಕಿತು ಎಂದರೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಶಾಹೀನಾ ಮೇಡಂ ಕೂಡ "ಸದ್ಯ, ನೀರಿನ ಚಿಂತೆ ತಪ್ಪಿತು" ಎಂದರು.

ನಾಗವೇಣಿಯ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಅವಳ ಅಪ್ಪ ಸಣ್ಣೀರಪ್ಪ ತಮ್ಮೂರಿನ ಹಾಲಿನ ಡೈರಿಯ ಸೆಕ್ರೆಟರಿ. ಡೈರಿಯಲ್ಲಿ ಡಿಗ್ರಿ ಎಂದರೆ ಕಾಲೇಜಿನ ಡಿಗ್ರಿಯಲ್ಲ, ಬಿಸಿಲಿನ ಡಿಗ್ರಿಯೂ ಅಲ್ಲ. ಹಾಲಿನೊಳಗೆ ಒಂದು ಗಾಜಿನ ಲ್ಯಾಕ್ಟೋಮೀಟರ್ ಬಿಡುತ್ತಾರೆ. ಗಟ್ಟಿ ಹಾಲಾದರೆ ಅದು ಎತ್ತರಕ್ಕೆ ತೇಲುತ್ತದೆ, ನೀರು ಬೆರೆಸಿದ್ದರೆ ಕೆಳಕ್ಕೆ ಇಳಿಯುತ್ತದೆ. ಬರೀ ನೀರಿಗೆ ಸೊನ್ನೆ, ಮೇಲಾದ ಹಾಲಿಗೆ ಮೂವತ್ತು. ಅಂದರೆ ಒಂದು ಲೀಟರ್ ಹಾಲು ಅಷ್ಟೇ ನೀರಿಗಿಂತ ಮೂವತ್ತು ಗ್ರಾಂ ಹೆಚ್ಚು ತೂಗುತ್ತದೆ. ಹುಡುಗಿಯಾಗಿದ್ದಾಗ ನಾಗವೇಣಿ ಬೆಳಿಗ್ಗೆ ಸಂಜೆ ಅಪ್ಪನ ಪಕ್ಕದಲ್ಲಿ ನಿಂತು ಊರಿನವರೆಲ್ಲರ ಕ್ಯಾನಿಗೆ ಆ ಗಾಜು ಬಿಟ್ಟು "ಏನೋ ಬೆರೆಸೀಯ ಕಣಕ್ಕಾ" ಎಂದು ಮುಖದ ಮೇಲೆ ಹೇಳುತ್ತಿದ್ದವಳು. ಹೆಣ್ಣು ನೋಡಲು ಹೋದಾಗ ನಮ್ಮ ದೊಡ್ಡಪ್ಪ "ಹುಡುಗಂಗೆ ಡಿಗ್ರಿ ಆಗೈತೆ" ಎಂದು ಹೆಮ್ಮೆಯಿಂದ ಹೇಳಿದರು. ಒಳಗಿನಿಂದ ಹುಡುಗಿಯ ದನಿ ಬಂತು: "ಎಷ್ಟಂತೆ ಕೇಳಪ್ಪ. ಇಪ್ಪತ್ತೆಂಟರ ಮ್ಯಾಲಿದ್ರೆ ತಗಳನ."

ಮದುವೆಯಾದ ಮೇಲೂ ಅದೇ ಕಾಟ. ಮನೆಯಲ್ಲಿ ಕಾಫಿ ಮಾಡುವವನು ನಾನು. ಹಾಲು ನಾಳೆಗೂ ಇರಲಿ ಎಂದು ಒಂದು ಲೋಟ ನೀರು ಸೇರಿಸುವುದು ನನ್ನ ಹುಟ್ಟುಗುಣ. ಅವಳು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ಡೈರಿ ಗತ್ತಿನಲ್ಲಿ "ಇಪ್ಪತ್ತು ಡಿಗ್ರಿ" ಎನ್ನುತ್ತಿದ್ದಳು. ಬೈಯುತ್ತಲೇ ಲೋಟ ಖಾಲಿ ಮಾಡುತ್ತಿದ್ದಳು.

ಅವಳು ಹೋದ ಮೇಲೆ ಆ ಮನೆಯಲ್ಲಿ ನನ್ನ ಕಾಫಿಗೆ ಬೈಯುವವರು ಇರಲಿಲ್ಲ. ರೇಡಿಯೋ ಇದ್ದಾಗ ಇದು ಅಷ್ಟಾಗಿ ಗೊತ್ತಾಗಿರಲಿಲ್ಲ. ಉಪಗ್ರಹ ಕೆಟ್ಟ ಮೇಲೆ ನಾನು ಕೆಲಸ ಮುಗಿಸಿ ಬಂದು ಬೀಗ ತೆಗೆದರೆ ಮನೆ ಬೆಳಿಗ್ಗೆ ಹೇಗೆ ಬಿಟ್ಟಿದ್ದೆನೋ ಹಾಗೇ ಇರುತ್ತಿತ್ತು. ನಾನು ಇಟ್ಟ ಚಪ್ಪಲಿ ನಾನು ಇಟ್ಟಲ್ಲೇ, ನಾನು ಒಣಹಾಕಿದ ಪಂಚೆ ಅಲ್ಲೇ. ಸಂಜೆ ಮಹಡಿಯ ಮೇಲೆ ನಿಂತರೆ ಚಂದ್ರ ಕಾಣುತ್ತಿದ್ದ. ಊರಿಗೆಲ್ಲ ಕಾಣುವವನು ನನಗೂ ಕಾಣುತ್ತಿದ್ದ, ಆದರೆ ಅವಳಿದ್ದ ಬೆನ್ನು ಯಾರಿಗೂ ಕಾಣುತ್ತಿರಲಿಲ್ಲ. ಅವನ ಮೇಲೆ ನನಗೆ ಸಿಟ್ಟು ಬರುತ್ತಿತ್ತು. ಒಂದು ಸಲ ಹೊರಳಿ ಮಲಗಲು ಇವನಿಗೇನು ರೋಗ ಎಂದು ಬೈದುಕೊಂಡು ಕೆಳಗಿಳಿಯುತ್ತಿದ್ದೆ.

ಗುಡ್ಡದ ಹೊಟ್ಟೆಯೊಳಗೆ ಮಾತ್ರ ಅವಳು ಇದ್ದಳು. ನನ್ನ ತಟ್ಟೆ ನಿಧಾನವಾಗಿ ಅಲುಗಾಡಲು ಶುರುವಾದರೆ, ಓಹೋ ಎದ್ದಳು, ಬಟ್ಟು ಇಟ್ಟಳು ಎಂದುಕೊಳ್ಳುತ್ತಿದ್ದೆ. ಅವಳು ಬಟ್ಟನ್ನು ಮೆಲ್ಲಗೆ ಇಡುತ್ತಿರಲಿಲ್ಲ, ಧಡ್ಡನೆ ಇಡುತ್ತಿದ್ದಳು, ಅದು ತಟ್ಟೆಯ ಮೊದಲ ತೂಗಿನಲ್ಲೇ ಗೊತ್ತಾಗುತ್ತಿತ್ತು. ಆ ಒರಟುತನ ನನಗೆ ಎಷ್ಟು ಬೇಕಾಗಿತ್ತು ಎಂದರೆ ನಾನು ಊಟದ ಡಬ್ಬಿಯನ್ನೂ ತಕ್ಕಡಿಯ ಪಕ್ಕಕ್ಕೇ ತಂದಿಟ್ಟುಕೊಂಡು ಅಲ್ಲಿಯೇ ತಿನ್ನುತ್ತಿದ್ದೆ.

ಒದ್ದೆ ತೂಕದಲ್ಲಿ ಬದಲಾವಣೆ ಕಂಡದ್ದು ಹೀಗೆ ಊಟ ಮಾಡುತ್ತಿದ್ದ ಒಂದು ಭಾನುವಾರ ಸಂಜೆ. ಒಂದು ಕೆಜಿಗೆ ಲೆಕ್ಕ ಹಾಕಿದರೆ, ನೀರಿನಲ್ಲಿ ಮುಳುಗಿದ ಅವಳ ಬಟ್ಟು ಯಾವಾಗಲೂ 126.6 ಗ್ರಾಂ ಕಳೆದುಕೊಳ್ಳಬೇಕು. ಆ ದಿನ 126.8 ತೋರಿಸಿತು. ಮುಂದಿನ ಭಾನುವಾರ 126.9. ನಾನು ಹೋಗಿ ಶಾಹೀನಾ ಮೇಡಂಗೆ ಹೇಳಿದೆ.

"ನೀರು ತಣ್ಣಗಾಗಿರುತ್ತೆ ಮೂಡ್ಲಗಿರಿಯವರೇ," ಎಂದರು ಅವರು. "ತಣ್ಣೀರು ಬೆಚ್ಚನೆ ನೀರಿಗಿಂತ ಒಂಚೂರು ಒತ್ತಾಗಿರುತ್ತೆ. ಒತ್ತಾದ ನೀರು ಬಟ್ಟನ್ನ ಜಾಸ್ತಿ ಎತ್ತುತ್ತೆ. ಒಬ್ಬಳೇ ಇದಾಳಲ್ವಾ, ಹೀಟರ್ ಕಡಿಮೆ ಮಾಡ್ಕೊಂಡಿರ್ತಾಳೆ."

ಸರಿಯಾದ ಮಾತೇ. ನೀರು ನಾಲ್ಕು ಡಿಗ್ರಿಯತನಕ ತಣ್ಣಗಾಗುತ್ತ ಹೋದಂತೆ ಒತ್ತಾಗುತ್ತ ಹೋಗುತ್ತದೆ. ಅವಳು ಸ್ವೆಟರ್ ಹಾಕಿಕೊಂಡು ಮುದುಡಿ ಕೂತಿರುವುದನ್ನು ನೆನೆದು ಆ ವಾರ ನನಗೂ ಚಳಿಯಾಯಿತು.

ಅದರ ಮುಂದಿನ ಭಾನುವಾರ 127.2 ಬಂತು.

ನಾನು ತುತ್ತನ್ನು ಡಬ್ಬಿಗೇ ಹಾಕಿ ಎದ್ದೆ. ಆ ಬಟ್ಟಿನ ಗಾತ್ರ ಸರಿಯಾಗಿ ನೂರ ಇಪ್ಪತ್ತೇಳು ಮಿಲಿಲೀಟರ್. ನೀರು ಎಷ್ಟೇ ಒತ್ತಾದರೂ ಒಂದು ಮಿಲಿಲೀಟರಿಗೆ ಒಂದು ಗ್ರಾಂ ದಾಟುವುದಿಲ್ಲ. ಆ ಗಡಿ ನಾಲ್ಕು ಡಿಗ್ರಿಯಲ್ಲಿ ಸಿಗುತ್ತದೆ, ಇನ್ನೂ ತಣ್ಣಗೆ ಮಾಡಿದರೆ ನೀರು ಮತ್ತೆ ಹಗುರಾಗುತ್ತದೆ, ಹಾಗಾಗಿಯೇ ಐಸು ತೇಲುತ್ತದೆ. ಅಂದರೆ ನೀರಿನಲ್ಲಿ ಮುಳುಗಿಸಿದ ಆ ಬಟ್ಟು 127.0ಕ್ಕಿಂತ ಒಂದು ಕೂದಲೂ ಹೆಚ್ಚು ಕಳೆದುಕೊಳ್ಳಲು ಸಾಧ್ಯವಿಲ್ಲ. ಬಟ್ಟು ಅದೇ. ತಕ್ಕಡಿ ಸರಿಯಿದೆ, ಒಣ ತೂಕ ದಿನಾ ಒಂದೇ ಬರುತ್ತಿದೆ. ಹಾಗಾದರೆ ಅವಳು ಬಟ್ಟು ಮುಳುಗಿಸಿದ್ದು ನೀರಿನಲ್ಲಿ ಅಲ್ಲ.

ಮೇಡಂ ಮೇಜಿನ ಮುಂದೆ ನಿಂತು ಇದನ್ನು ಹೇಳಿದಾಗ ಅವರು ಚಂದ್ರನ ಮೇಲಿನ ನಿಲ್ದಾಣದ ನಕ್ಷೆ ತೆಗೆದರು. ಅವರ ಬೆರಳು ನೀರಿನ ಟ್ಯಾಂಕಿನ ಮೇಲೆ ನಿಂತಿತು. ಯಂತ್ರಗಳನ್ನು ತಂಪಾಗಿಡುವ ದ್ರವದ ಕೊಳವೆ ಆ ಟ್ಯಾಂಕಿನ ಒಳಗೇ ಸುತ್ತಿ ಹೋಗುತ್ತಿತ್ತು.

"ಸೋರ್ತಾ ಇದೆ," ಎಂದರು. "ಅದು ನೀರಿಗಿಂತ ಭಾರ. ಬಣ್ಣ ಇಲ್ಲ, ವಾಸನೆ ಇಲ್ಲ. ಅಲ್ಲಿನ ಪರೀಕ್ಷೆ ಯಂತ್ರ ಉಪ್ಪು, ಕ್ರಿಮಿ ನೋಡುತ್ತೆ, ಇದನ್ನ ನೋಡಲ್ಲ."

"ರುಚಿ?"

ಮೇಡಂ ನನ್ನ ಮುಖ ನೋಡಿದರು. ಉತ್ತರ ಬರುವ ಮೊದಲೇ ಇಬ್ಬರಿಗೂ ಗೊತ್ತಾಗಿತ್ತು.

"ಸಿಹಿ," ಎಂದರು.

ಅವಳು ಬಾಯಿಬಿಟ್ಟು ಹೇಳಿದ್ದಳು. ನೀರು ಸಿಹಿ ಬರುತ್ತಿದೆ ಎಂದು ಸ್ಪಷ್ಟ ಕನ್ನಡದಲ್ಲಿ ಹೇಳಿದ್ದಳು, ಕೋಣೆ ತುಂಬ ಕನ್ನಡದವರೇ ಇದ್ದೆವು, ಹಾಗಾಗಿಯೇ ಯಾರಿಗೂ ಅರ್ಥವಾಗಲಿಲ್ಲ. ಸಕ್ಕರೆಯ ಸಿಹಿ ಎಂದು ನಮ್ಮಲ್ಲಿ ಯಾರಿಗೆ ತಾನೇ ಹೊಳೆಯಬೇಕು? ಬಹುಶಃ ಅವಳಿಗೂ ಹೊಳೆದಿರಲಿಲ್ಲ. ಊರಿನ ಸಿಹಿ ನೀರಿನ ಬಾವಿ ನೆನೆದುಕೊಂಡು ಖುಷಿಯಲ್ಲಿ ಕುಡಿಯುತ್ತಿದ್ದಳು.

ಡಾಕ್ಟರನ್ನು ಕರೆಸಿದರು. ಅವರು ಲೆಕ್ಕ ಹಾಕಿ ಹೇಳಿದರು. ಈಗ ಅವಳಿಗೆ ಏನೂ ಅನ್ನಿಸುತ್ತಿರಲಿಕ್ಕಿಲ್ಲ. ಸೋರಿಕೆ ಹೆಚ್ಚಾಗುತ್ತಿದೆ. ಮೈಗೆ ಗೊತ್ತಾಗುವ ಹೊತ್ತಿಗೆ ಮೂತ್ರಪಿಂಡ ಕೈಕೊಟ್ಟಿರುತ್ತದೆ, ಆಮೇಲೆ ನೌಕೆ ಹೋಗಿ ಪ್ರಯೋಜನವಿಲ್ಲ. ನೌಕೆಯನ್ನು ಎಷ್ಟು ಆತುರಪಡಿಸಿದರೂ ನವರಾತ್ರಿಗೆ ಮೊದಲು ಹೊರಡದು. ಆದರೆ ಅವಳ ಮಂಚದ ಅಡಿಯಲ್ಲಿ ತುರ್ತಿಗೆಂದು ಸೀಲು ಮಾಡಿದ ನೀರಿನ ಡಬ್ಬಗಳಿದ್ದವು. ಹಿಡಿತದಲ್ಲಿ ಕುಡಿದರೆ ನೌಕೆ ಬರುವತನಕ ಸಾಕು. ಇವತ್ತಿನಿಂದಲೇ ಟ್ಯಾಂಕಿನ ನೀರು ಬಿಟ್ಟು ಡಬ್ಬದ ನೀರು ಕುಡಿಯಬೇಕು. ಇಷ್ಟೇ. ಅವಳ ಜೀವ ಉಳಿಯಲು ಇಷ್ಟೇ ಒಂದು ಮಾತು ಆ ಕಡೆಗೆ ಮುಟ್ಟಬೇಕಿತ್ತು, ಮುಟ್ಟಿಸಲು ನಮ್ಮ ಬಳಿ ಇದ್ದದ್ದು ದಿನಕ್ಕೊಂದು ತೂಕ.

ಎರಡು ಬಟ್ಟು ಇಡೋಣ ಎಂದರು ಒಬ್ಬರು. ಇಲ್ಲಿಂದ ಎರಡು ಬಟ್ಟು ಇಟ್ಟರೆ ಸೂರ್ಯನ ಬಿರುಗಾಳಿ ಬರುತ್ತಿದೆ, ನೆಲಮಾಳಿಗೆಗೆ ಇಳಿ ಎಂದರ್ಥ. ನೆಲಮಾಳಿಗೆಯಲ್ಲಿ ಇರುವುದೂ ಅದೇ ಟ್ಯಾಂಕಿನ ನಲ್ಲಿ. ಅಕ್ಷರಕ್ಕೊಂದು ತೂಕದ ಹಾಗೆ 'ನೀರು' ಎಂದು ಬರೆದು ಕಳಿಸೋಣ ಎಂದರು ಇನ್ನೊಬ್ಬರು. ಯಾವ ಅಕ್ಷರಕ್ಕೆ ಯಾವ ತೂಕ ಎಂದು ಅವಳಿಗೆ ಹೇಳಿಕೊಟ್ಟವರು ಯಾರು?

"ಗೊತ್ತಿಲ್ಲದ ತೂಕ ಬಂದರೆ ತಕ್ಕಡಿ ಕೆಟ್ಟಿದೆ ಅಂದ್ಕೋತಾಳೆ," ಎಂದರು ಶಾಹೀನಾ ಮೇಡಂ. "ಬಿಚ್ಚಿ ರಿಪೇರಿ ಮಾಡೋಕೆ ಹೋಗ್ತಾಳೆ, ಹಾಗೇ ತರಬೇತಿ ಕೊಟ್ಟಿದೀವಿ. ಹರಳು ಅಲುಗಾಡಿದ್ರೆ ಈ ದಾರಿಯೂ ಮುಚ್ಚಿಹೋಗುತ್ತೆ. ಒಂದೇ ಸಲಕ್ಕೆ ಅರ್ಥ ಆಗೋ ಹಾಗಿರಬೇಕು. ಯೋಚನೆ ಮಾಡಿ."

ಯೋಚನೆ ಮಾಡಲು ನನ್ನನ್ನು ಮನೆಗೆ ಕಳಿಸಿದರು. ನಾನು ಮನೆಗೆ ಹೋಗಿ ಅಡುಗೆಮನೆಯಲ್ಲಿ ಸುಮ್ಮನೆ ನಿಂತೆ. ಅವಳು ಈಗ ಲೋಟ ಹಿಡಿದು ನಲ್ಲಿ ತಿರುಗಿಸುತ್ತಿರಬಹುದು ಎನ್ನುವುದು ಬಿಟ್ಟರೆ ತಲೆಗೆ ಬೇರೇನೂ ಹತ್ತಲಿಲ್ಲ. ಕೂಗಿದರೆ ಕೇಳುವಷ್ಟು ಹತ್ತಿರ ಯಾರೂ ಇಲ್ಲದ ಜಾಗದಲ್ಲಿ ಒಬ್ಬಳೇ ನಿಂತು, ಆಹಾ ಸಿಹಿ ನೀರು ಎಂದು ಕುಡಿಯುತ್ತಾಳೆ. ನನಗೆ ಅಳು ಬಂತು. ಅಳುತ್ತಲೇ ಅಭ್ಯಾಸಬಲದಿಂದ ಒಲೆ ಹಚ್ಚಿ ಹಾಲಿಟ್ಟೆ, ಅಭ್ಯಾಸಬಲದಿಂದಲೇ ಒಂದು ಲೋಟ ನೀರು ಎತ್ತಿ ಅದಕ್ಕೆ ಸುರಿದೆ.

"ಇಪ್ಪತ್ತು ಡಿಗ್ರಿ," ಎಂದಿತು ನನ್ನ ಬಾಯಿ. ಅವಳದೇ ಗತ್ತಿನಲ್ಲಿ.

ಒಲೆ ಆರಿಸಿ ಅಲ್ಲೇ ನೆಲದ ಮೇಲೆ ಕೂತೆ. ಲ್ಯಾಕ್ಟೋಮೀಟರ್ ಅಂದರೆ ಇನ್ನೇನು? ದ್ರವದೊಳಗೆ ಒಂದು ವಸ್ತು ಬಿಟ್ಟು, ದ್ರವ ಅದನ್ನು ಎಷ್ಟು ಎತ್ತುತ್ತದೆ ಎಂದು ನೋಡುವುದು. ಸೋಮವಾರದ ಒದ್ದೆ ತೂಕವೂ ಅದೇ ಅಲ್ಲವೇ? ಪಾತ್ರೆಯಲ್ಲಿ ನೀರಿನ ಬದಲು ಹಾಲು ತುಂಬಿ ಬಟ್ಟು ಮುಳುಗಿಸಿದರೆ ಅವಳ ಕಡೆ 130.8 ಕಾಣುತ್ತದೆ. ನೂರ ಇಪ್ಪತ್ತೇಳಕ್ಕೆ ಭಾಗಿಸಿದರೆ ಒಂದು ಪಾಯಿಂಟ್ ಸೊನ್ನೆ ಮೂರು ಸೊನ್ನೆ. ಬೇರೆ ಯಾರಿಗಾದರೂ ಅದು ಕೆಟ್ಟ ತಕ್ಕಡಿ. ಸಣ್ಣೀರಪ್ಪನ ಮಗಳಿಗೆ ಅದು ಮೂವತ್ತು ಡಿಗ್ರಿ. ಮೂವತ್ತು ಡಿಗ್ರಿ ಅಂದರೆ ಹಾಲು, ಹಾಲು ಅಂದರೆ ಡೈರಿ, ಡೈರಿಯಲ್ಲಿ ಡಿಗ್ರಿ ನೋಡುವುದು ಒಂದೇ ಕಾರಣಕ್ಕೆ: ಏನೋ ಬೆರೆತಿದೆ.

ಆ ರಾತ್ರಿಯೇ ಹೋಗಿ ಹೇಳಿದೆ. ಮರುಮಾತಿಲ್ಲದೆ ಮೇಡಂ ಒಪ್ಪುತ್ತಾರೆ ಎಂದುಕೊಂಡಿದ್ದೆ. ಅವರು ಒಪ್ಪಲಿಲ್ಲ.

"ಅವಳು ನಗಬಹುದು ಮೂಡ್ಲಗಿರಿಯವರೇ. ಗಂಡ ತಮಾಷೆ ಮಾಡ್ತಿದಾನೆ ಅಂತ ನಕ್ಕು, ಒಂದು ಲೋಟ ನೀರು ಕುಡಿದು ಮಲಗಬಹುದು."

"ಮೇಡಂ, ನಾನು ಯಂತ್ರದ ಜೊತೆ ತಮಾಷೆ ಮಾಡೋನಲ್ಲ. ಅದು ಅವಳಿಗೆ ಗೊತ್ತು. ಮದುವೆ ಆದಾಗಿಂದ ಅದಕ್ಕೇ ಬೈಸ್ಕೊಂಡಿದೀನಿ."

ಅವರು ನನ್ನ ಲೆಕ್ಕವನ್ನು ಇನ್ನೊಮ್ಮೆ ತಾವೇ ಮಾಡಿ ನೋಡಿದರು. ಆಮೇಲೆ "ಮೂವತ್ತು ಅಂದ್ರೆ ಮೂವತ್ತೇ ಇರಬೇಕು" ಎಂದರು. "ಇಪ್ಪತ್ತೊಂಬತ್ತೂವರೆ ಬಂದ್ರೆ ಅದು ಬರೀ ತಪ್ಪು ಲೆಕ್ಕ. ಹಾಲು ಎಲ್ಲಿಂದ ತರ್ತೀರಿ?"

ಎಲ್ಲಿಂದ ತರುವುದು, ಮಾವನ ಮನೆಯಿಂದ. ಸೋಮವಾರ ನಸುಕಿನಲ್ಲಿ, ಹಾಲು ಅಳೆಯಲು ಶುರುವಾಗುವ ಹೊತ್ತಿಗೆ ಡೈರಿಯ ಮುಂದೆ ಗಾಡಿ ನಿಲ್ಲಿಸಿದೆ. ಕ್ಯಾನುಗಳ ಸಾಲಿನ ಹಿಂದೆ ಸಣ್ಣೀರಪ್ಪ ಗಾಜಿನ ಕೊಳವೆ ಹಿಡಿದು ಕೂತಿದ್ದರು. ಡೈರಿಗೆ ಹೊಸ ಮೆಷಿನ್ ಬಂದು ಎಷ್ಟೋ ಕಾಲವಾಗಿತ್ತು, ಆದರೂ ಅವರು ಅದರ ಮಾತನ್ನು ಒಮ್ಮೆ ಗಾಜಿನಲ್ಲಿ ಪರೀಕ್ಷಿಸಿಯೇ ನಂಬುತ್ತಿದ್ದರು.

"ಏನ್ ಅಳಿಯಂದ್ರೇ, ಇಷ್ಟೊತ್ನಲ್ಲಿ? ನಾಗು ಚೆನ್ನಾಗವ್ಳಾ?"

ನಾನು ಎಲ್ಲವನ್ನೂ ಹೇಳಿದೆ. ಅವರು ಕೊಳವೆಯನ್ನು ಮೇಜಿನ ಮೇಲೆ ಇಟ್ಟರು, ಅದು ಉರುಳಿತು, ಮತ್ತೆ ಹಿಡಿದು ಇಟ್ಟರು.

"ನಮ್ ಕೂಸು ಊರ ಮಂದಿ ಹಾಲ್ನೆಲ್ಲ ಹಿಡೀತಿದ್ಲು," ಎಂದರು. "ಅವಳ ಲೋಟಕ್ಕೇ ಬೆರಕೆ ಬಿತ್ತಾ?"

ಸಾಲಿನಲ್ಲಿದ್ದ ಮುದುಕಿಯೊಬ್ಬರು ತಮ್ಮ ಹಸುವಿನ ಹಾಲು ಮುಂದೆ ತಳ್ಳಿದರು. ಕಾಯಿಸಿದರೆ ಡಿಗ್ರಿ ಏರುತ್ತದೆ, ಕಾಯಿಸದಿದ್ದರೆ ಸಂಜೆಯೊಳಗೆ ಒಡೆಯುತ್ತದೆ. ಹಾಗಾಗಿ ಮಾವನ ಅಡುಗೆಮನೆಯಲ್ಲಿ ಕಾಯಿಸಿ, ಕೆನೆ ತೆಗೆದು, ಗುಡ್ಡದ ಒಳಗಿನ ತಂಪಿಗೆ ಬರುವಂತೆ ಆರಿಸಿ, ಕಾದಾರಿದ ನೀರನ್ನು ಚಮಚದಲ್ಲಿ ಸೇರಿಸುತ್ತ ಸರಿ ಮಾಡಬೇಕಾಯಿತು. ನಾನು ಚಮಚ ಹಿಡಿದೆ, ಮಾವ ಗಾಜು ನೋಡಿದರು. ಜೀವಮಾನವೆಲ್ಲ ಹಾಲಿಗೆ ನೀರು ಹಾಕುವವರನ್ನು ಬೈದ ಮನುಷ್ಯ "ಇನ್ನೊಂದು ಚಮಚ ಹಾಕ್ರಪ್ಪ" ಎಂದರು. ಗೆರೆ ಮೂವತ್ತಕ್ಕೆ ಬಂದು ನಿಂತಾಗ ಸಾಕು ಎಂದು ಗಾಜನ್ನು ಎತ್ತಿ ಒರೆಸಿದರು.

ಬಿಸಿಲು ಏರುವ ಮೊದಲೇ ಗುಡ್ಡಕ್ಕೆ ಮರಳಿ, ಪಾತ್ರೆಗೆ ಹಾಲು ಹೊಯ್ದು, ಬಟ್ಟನ್ನು ಇಳಿಬಿಟ್ಟೆ. ಬೆಳ್ಳಗಿನ ಹಾಲಿನಲ್ಲಿ ಕಬ್ಬಿಣ ಮುಳುಗಿ ಕಾಣದಾಯಿತು. ಇಟ್ಟವರಿಗೆ ತೂಕ ಕಾಣುವುದಿಲ್ಲ. ಸಂಜೆತನಕ ಹಾಲು ಒಡೆಯದಿರಲಿ ಎಂದು ಅದರ ಪಕ್ಕದಲ್ಲೇ ಕೂತೆ. ಆ ಕಡೆ ಅವಳ ಮುಳ್ಳು ಎಲ್ಲಿ ನಿಂತಿತು, ಅವಳು ಅದನ್ನು ನೋಡಿದಳೇ, ನೋಡಿ ಹುಬ್ಬು ಗಂಟಿಕ್ಕಿದಳೇ, ಯಾವುದೂ ನನಗೆ ತಿಳಿಯುವ ಹಾಗಿರಲಿಲ್ಲ.

ಮಂಗಳವಾರ ತಟ್ಟೆ ಅಲುಗಾಡಿತು. ಒಂದು ಬಟ್ಟು. ಕ್ಷೇಮ. ತಕ್ಕಡಿಯನ್ನು ಬಿಚ್ಚಿಲ್ಲ, ಅದೊಂದು ಸಮಾಧಾನ. ಬುಧವಾರ ಒಂದು ಬಟ್ಟು. ಗುರುವಾರವೂ ಒಂದೇ. ಕ್ಷೇಮ ಎಂದು ಹೇಳುತ್ತಿರುವವಳು ವಿಷ ಕುಡಿದು ಹೇಳುತ್ತಿದ್ದಾಳೋ ಬಿಟ್ಟು ಹೇಳುತ್ತಿದ್ದಾಳೋ ಎಂದು ಆ ಕಬ್ಬಿಣಕ್ಕೇನು ಗೊತ್ತು? ಮೊದಲೆಲ್ಲ ಧಡ್ಡನೆ ಬೀಳುತ್ತಿದ್ದ ಬಟ್ಟು ಆ ವಾರ ಮೆಲ್ಲಗೆ ಬೀಳುತ್ತಿತ್ತು. ಅವಳಿಗೆ ಅರ್ಥವಾಗಿದೆ, ಹುಷಾರಾಗಿದ್ದಾಳೆ ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು. ಕೈಯಲ್ಲಿ ಶಕ್ತಿಯಿಲ್ಲ ಎಂದು ಮರುಗಳಿಗೆ ಅನ್ನಿಸುತ್ತಿತ್ತು. ಮಾವ ದಿನಾ ಫೋನ್ ಮಾಡಿ "ಡಿಗ್ರಿ ಬಂತಾ?" ಎಂದು ಕೇಳುತ್ತಿದ್ದರು. ಇಲ್ಲ ಮಾವ ಎನ್ನುತ್ತಿದ್ದೆ.

ಭಾನುವಾರ ಬೆಳಿಗ್ಗೆ ತಟ್ಟೆ ಅಲುಗಾಡಲಿಲ್ಲ.

ಶಾಹೀನಾ ಮೇಡಂ ಬಂದು ನನ್ನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಕೂತರು. ಬಿಸಿಲು ಏರಿದ ಮೇಲೆ ಅವರು ಎದ್ದು ಹೊರಗೆ ಹೋದರು, ನನ್ನೆದುರಿಗೆ ಕಣ್ಣು ಒರೆಸಿಕೊಳ್ಳಲು ಇಷ್ಟವಿಲ್ಲದೆ ಹೋದರು ಎಂದು ನನಗೆ ಗೊತ್ತು. ನಾನು ತಟ್ಟೆಯ ಅಂಚಿನ ಮೇಲೆ ಬೆರಳಿಟ್ಟುಕೊಂಡು "ಲೇ ನಾಗೀ" ಎಂದೆ. ಗುಡ್ಡದ ಒಳಗೆ ಮಾತು ಸ್ವಲ್ಪ ಮೊಳಗುತ್ತದೆ, ಅಷ್ಟೇ. ಜಗತ್ತಿನಲ್ಲಿ ಯಾರೂ ಇಲ್ಲದವನು ಎಂದರೆ ಹೇಗಿರುತ್ತದೆ ಎಂದು ಆ ಹೊತ್ತು ನನಗೆ ಗೊತ್ತಾಯಿತು.

ಬೆರಳಿನ ಕೆಳಗೆ ತಟ್ಟೆ ಮಿಸುಕಿತು.

ಧಡ್ಡನೆ ಅಲ್ಲದಿದ್ದರೂ ಜೋರಾಗಿಯೇ ತೂಗಿತು. ತೂಗಿ ತೂಗಿ ಸಂಜೆಯ ಹೊತ್ತಿಗೆ ನಿಂತಿತು. 126.6. ಒಂದು ಕೂದಲೂ ಅತ್ತ ಇಲ್ಲ, ಇತ್ತ ಇಲ್ಲ. ಯಾರ ಸಿಹಿಯೂ ಬೆರೆಯದ, ಡಬ್ಬದಿಂದ ಆಗಷ್ಟೇ ಸುರಿದ, ಸೊನ್ನೆ ಡಿಗ್ರಿಯ ಬರೀ ನೀರು. ಒಂದು ಡಬ್ಬದ ಸೀಲು ಒಡೆದು, ಟ್ಯಾಂಕಿನ ನೀರನ್ನೂ ಡಬ್ಬದ ನೀರನ್ನೂ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಏನನ್ನೋ ತೇಲಿಸಿ ನೋಡಿ ಖಾತ್ರಿ ಮಾಡಿಕೊಂಡಿರಬೇಕು, ಅದಕ್ಕೇ ತಡವಾಗಿರಬೇಕು. ಮೇಡಂ ನನ್ನ ಭುಜ ಹಿಡಿದು ಅಲುಗಾಡಿಸಿದರು. ಕೋಣೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮಾವನಿಗೆ ಫೋನ್ ಮಾಡಿ "ಸೊನ್ನೆ ಡಿಗ್ರಿ ಮಾವ" ಎಂದೆ. ಆ ಕಡೆ ಅವರು ಅದನ್ನೇ ಡೈರಿಯ ಸಾಲಿಗೆಲ್ಲ ಕೇಳುವಂತೆ ಕೂಗಿದರು.

ಕಥೆ ಇಲ್ಲಿಗೆ ಮುಗಿದಿದ್ದರೂ ನನಗೆ ಸಾಕಾಗಿತ್ತು. ಆದರೆ ಮಂಗಳವಾರ ಸಂಜೆ ಮೇಡಂ ಓಡಿಬಂದು ನನ್ನನ್ನು ಎಳೆದುಕೊಂಡು ಹೋದರು.

"ಒಣ ತೂಕದ ದಿನ ಒದ್ದೆ ತೂಕ ಕಳಿಸಿದಾಳೆ! ನೋಡಿ, 129.5. ನೀರಲ್ಲ, ಆ ಕೊಳವೆಯ ದ್ರವವೂ ಅಲ್ಲ, ಅದಕ್ಕೆ ಇಷ್ಟು ಬೇಗ ಇಷ್ಟು ಏರೋಕೆ ಆಗಲ್ಲ. ಇನ್ನೇನು ಸೋರಿತು?"

ನಾನು ನೂರ ಇಪ್ಪತ್ತೇಳಕ್ಕೆ ಭಾಗಿಸಿದೆ. ಒಂದು ಪಾಯಿಂಟ್ ಸೊನ್ನೆ ಎರಡು ಸೊನ್ನೆ.

ನಗು ಬಂತೋ ಅಳು ಬಂತೋ ನನಗೇ ತಿಳಿಯಲಿಲ್ಲ, ಎರಡೂ ಒಟ್ಟಿಗೇ ಬಂದವು. ಚಂದ್ರನ ಬೆನ್ನ ಮೇಲೆ, ಭೂಮಿಯೂ ಕಾಣದ ಜಾಗದಲ್ಲಿ, ಆ ಹೆಂಗಸು ಹಾಲಿನ ಪುಡಿಯ ಡಬ್ಬ ತೆಗೆದು, ಕುಡಿಯಲು ಲೆಕ್ಕ ಹಾಕಿಟ್ಟ ನೀರಿನಲ್ಲಿ ಅದನ್ನು ಕದಡಿ, ಸರಿಯಾದ ತೆಳುವಿಗೆ ತಂದು, ಅದರೊಳಗೆ ಬಟ್ಟು ಇಳಿಬಿಟ್ಟು ಇಡೀ ದಿನ ಕಾದಿದ್ದಳು. ಮೂವತ್ತಕ್ಕೆ ಮಾಡಬಹುದಿತ್ತು, ಪುಡಿಗೇನು ಬರವಿರಲಿಲ್ಲ. ಸಣ್ಣೀರಪ್ಪನ ಮಗಳು ಬೇಕೆಂದೇ ಇಪ್ಪತ್ತಕ್ಕೆ ಇಳಿಸಿದ್ದಳು.

"ಏನದು, ಹೇಳ್ರೀ," ಎಂದರು ಮೇಡಂ.

"ನನ್ನ ಕಾಫಿ ಮೇಡಂ," ಎಂದೆ. "ನನ್ನ ಕಾಫಿ ಕೇಳ್ತಾ ಇದಾಳೆ."

ಆ ಸಂಜೆ ಮನೆಗೆ ಬಂದು ಬೀಗ ತೆಗೆದೆ. ಚಪ್ಪಲಿ ಅಲ್ಲೇ ಇತ್ತು, ಪಂಚೆ ಅಲ್ಲೇ ಇತ್ತು. ಮಾವ ಕಳಿಸಿದ ಗಟ್ಟಿ ಹಾಲು ಇತ್ತು, ಜೊತೆಗೆ ಅವರದೇ ಹಳೆಯ ಲ್ಯಾಕ್ಟೋಮೀಟರ್ ಕೂಡ. ಹಾಲಿಗೆ ಗಾಜು ಬಿಟ್ಟು, ಚಮಚ ಚಮಚವಾಗಿ ನೀರು ಸೇರಿಸುತ್ತ, ಗೆರೆಯನ್ನು ಸರಿಯಾಗಿ ಇಪ್ಪತ್ತಕ್ಕೆ ತಂದೆ. ಕಾಫಿ ಮಾಡಿದೆ. ಲೋಟ ಹಿಡಿದು ಮಹಡಿ ಹತ್ತಿದರೆ ಚಂದ್ರ ಎಂದಿನ ಹಾಗೆ ಬೆನ್ನು ಅಡಗಿಸಿಕೊಂಡು ನಿಂತಿದ್ದ. ಆ ಹೊತ್ತು ಅವಳೂ ಬಟ್ಟು ಎತ್ತಿಟ್ಟು, ಪಾತ್ರೆಯಲ್ಲಿದ್ದ ಹಾಲನ್ನು ಚೆಲ್ಲಲು ಮನಸ್ಸಾಗದೆ ಕುಡಿಯುತ್ತಿರುತ್ತಾಳೆ. ನಾನೂ ಕುಡಿದೆ. ನೀರು ನೀರಾಗಿತ್ತು. ಅವಳು ಇಷ್ಟು ವರ್ಷ ಬೈದದ್ದರಲ್ಲಿ ತಪ್ಪೇನೂ ಇರಲಿಲ್ಲ. ಒಂದು ತೊಟ್ಟೂ ಬಿಡದೆ ಮುಗಿಸಿದೆ.